ಕಡಲ ದಾರಿಗೆ ಬಂದ ಹಿಮದ ಯಂತ್ರ

ಕೊರೊನಾ ಕಳೆದು ಎರಡನೆಯ ಮಳೆಗಾಲ. ಆಗ ನಾನು ಕಾಪುವಿನಲ್ಲಿ, ಹೆದ್ದಾರಿಯ ಸರ್ವಿಸ್ ರಸ್ತೆಗೆ ತಾಗಿದ ಒಂದು ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಊರು ಕಾರ್ಕಳ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲೇ ಹೋಗುವುದು. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಹೆಂಗಸು ಗ್ರೀಸು ಮೆತ್ತಿಕೊಂಡು ಟ್ರ್ಯಾಕ್ಟರಿನ ಅಡಿಯಲ್ಲಿ ಮಲಗುವುದನ್ನು ನೋಡಲೆಂದೇ ಮೊದಮೊದಲು ಜನ ಬರುತ್ತಿದ್ದರು. ನನ್ನ ಬಾಯಿ ಕೇಳಿದ ಮೇಲೆ ಕೆಲಸವಿದ್ದವರು ಮಾತ್ರ ಬಂದರು. ಅಷ್ಟು ವರ್ಷಗಳಲ್ಲಿ ಬಿಚ್ಚಿ ಕಟ್ಟಿದ ಯಂತ್ರಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಒಂದು ಮಾತ್ರ ನನ್ನನ್ನು ಬಿಟ್ಟಿಲ್ಲ. ನಾನು ಅದನ್ನು ಬಿಡಲು ಎಷ್ಟೋ ಸಲ ನೋಡಿದ್ದೇನೆ, ಅದು ಬಿಡುವುದಿಲ್ಲ.

ಆ ಯಂತ್ರವನ್ನು ತಂದವರು ಕಂಟ್ರಾಕ್ಟರ್ ಸದಾನಂದಣ್ಣ. ಹೆಜಮಾಡಿಯ ಕಡೆ ಕಡಲಿಗೂ ಹೊಳೆಗೂ ನಡುವೆ ಒಂದು ಸಪೂರ ಮರಳುಪಟ್ಟಿ ಇದೆ. ಅದರ ಮೇಲೆ ಒಂದು ಡಾಮರು ರಸ್ತೆ, ರಸ್ತೆಯ ಕೊನೆಗೆ ಕೆಲವು ಮೀನುಗಾರರ ಮನೆಗಳು. ಮಳೆಗಾಲದಲ್ಲಿ ಕಡಲು ಉಕ್ಕಿದಾಗಲೆಲ್ಲ ರಸ್ತೆಯ ಮೇಲೆ ಮರಳು ಬಂದು ಬೀಳುತ್ತದೆ, ಆಟೋ ಹೋಗುವುದಿಲ್ಲ, ಬೈಕು ಹೂತುಹೋಗುತ್ತದೆ. ಆ ಮರಳು ತೆಗೆಯುವ ಗುತ್ತಿಗೆ ಸದಾನಂದಣ್ಣನದ್ದು. ಜೆಸಿಬಿ ತಂದರೆ ಮರಳಿನ ಜೊತೆ ಡಾಮರನ್ನೂ ಕೆರೆದು ಎತ್ತುತ್ತದೆ ಎಂದು ಅವರು ಬೇರೆ ಉಪಾಯ ಹುಡುಕಿದರು. ಹಿಮಾಚಲದ ಕಡೆ ಎಲ್ಲಿಯೋ ಗುಜರಿ ಹರಾಜಿನಲ್ಲಿ ಒಂದು ಸ್ನೋ ಬ್ಲೋವರ್ ಕೊಂಡು ಲಾರಿಯಲ್ಲಿ ಹಾಕಿಸಿಕೊಂಡು ಬಂದರು.

ಸ್ನೋ ಬ್ಲೋವರ್ ಎಂದರೆ ರಸ್ತೆಯ ಮೇಲೆ ಬಿದ್ದ ಹಿಮವನ್ನು ಎಸೆಯುವ ಯಂತ್ರ. ಮುಂದೆ ಅಗಲವಾದ ಬಾಯಿ, ಬಾಯಿಯೊಳಗೆ ತಿರುಪಿನಂತೆ ತಿರುಗುವ ಆಗರ್. ಆಗರ್ ಹಿಮವನ್ನು ಎರಡೂ ಬದಿಯಿಂದ ನಡುವಿಗೆ ತಳ್ಳುತ್ತದೆ, ನಡುವಿನ ಫ್ಯಾನು ಅದನ್ನು ಹಿಡಿದು ಕೊಳವೆಯ ಮೂಲಕ ದೂರಕ್ಕೆ ಚಿಮ್ಮುತ್ತದೆ. ಇದು ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟುವ ಮಾದರಿ. ನಾನು ನಕ್ಕದ್ದಕ್ಕೆ ಸದಾನಂದಣ್ಣನಿಗೆ ಸಿಟ್ಟು ಬಂತು.

"ಶಶಿಯಕ್ಕ, ಹಿಮ ಎಸೆಯುತ್ತದೆ ಅಂದ್ರೆ ಮರಳು ಎಸೆಯಲಿಕ್ಕೆ ಅದಕ್ಕೆ ಎಂತ ಧಾಡಿ?"

"ಅವಲಕ್ಕಿ ಗೇರುವ ಗೆರಸೆಯಲ್ಲಿ ಜಲ್ಲಿ ಗೇರಿದ ಹಾಗೆ ಆಗ್ತದೆ ಮಾರಾಯ್ರೆ," ಎಂದೆ.

ನಮ್ಮ ಮಾತುಕತೆಯೆಲ್ಲ ತುಳುವಿನಲ್ಲಿ. ಓದುವವರಿಗಾಗಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆದರೂ ಕೆಲಸ ಕೈಗೆತ್ತಿಕೊಂಡೆ. ಆಗುವುದಿಲ್ಲ ಎಂದು ಹೇಳಿ ಕಳಿಸುವುದು ನನ್ನ ಜಾಯಮಾನವಲ್ಲ. ಮರಳು ಹಿಮಕ್ಕಿಂತ ಎಷ್ಟೋ ಪಟ್ಟು ಭಾರ, ಅದರ ಮೇಲೆ ಉಪ್ಪುನೀರು ಕುಡಿದ ಮರಳು. ಕೊಳವೆಯನ್ನು ಕತ್ತರಿಸಿ ಅಗಲ ಮಾಡಿದೆ, ಒಳಗೆ ಸ್ಟೇನ್‌ಲೆಸ್ ಹಾಳೆ ಹಾಸಿದೆ, ಆಗರಿನ ಅಂಚಿಗೆ ಗಟ್ಟಿ ವೆಲ್ಡಿಂಗ್ ಏರಿಸಿದೆ. ಅತಿ ನಿಧಾನದ ಗೇರಿನಲ್ಲಿ, ತೆಳ್ಳಗೆ ಕೆರೆದುಕೊಂಡು ಹೋದರೆ ಮರಳು ಕಡಲ ಬದಿಗೆ ಬೀಳತೊಡಗಿತು. ಆ ಮಳೆಗಾಲದ ಆರಂಭದಲ್ಲಿ ಅದು ತಕ್ಕಮಟ್ಟಿಗೆ ಕೆಲಸವನ್ನೂ ಮಾಡಿತು. ಸದಾನಂದಣ್ಣ ಸಿಕ್ಕಸಿಕ್ಕವರಿಗೆಲ್ಲ ಕಾಶ್ಮೀರ ಕಾಪುವಿಗೆ ಬಂದಿದೆ ಎಂದು ಹೇಳಿಕೊಂಡು ತಿರುಗಿದರು.

ಒಂದೇ ತೊಂದರೆ. ಬೆನ್ನಿಗೆ ಕಟ್ಟುವ ಬ್ಲೋವರಿನ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಅಂದರೆ ಟ್ರ್ಯಾಕ್ಟರ್ ಇಡೀ ದಾರಿ ರಿವರ್ಸಿನಲ್ಲೇ ಹೋಗಬೇಕು. ಓಡಿಸುವವನು ಸೀಟಿನಲ್ಲಿ ಅರ್ಧ ತಿರುಗಿ, ಕುತ್ತಿಗೆ ತಿರುಚಿ, ಹಿಂದೆಯೇ ನೋಡುತ್ತಿರಬೇಕು. ಓಡಿಸುತ್ತಿದ್ದವನು ವಾಸು. ಆ ಮರಳುಪಟ್ಟಿಯ ಕೊನೆಯ ಮನೆಯವನೇ. ಮೊದಲು ತಮ್ಮನ ಜೊತೆ ದೋಣಿಯಲ್ಲಿ ಹೋಗುತ್ತಿದ್ದ. ತಮ್ಮ ದಿನೇಶ ಹಿಂದಿನ ವರ್ಷ, ಹೊಳೆ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ದೋಣಿ ಮಗುಚಿ ಹೋದ. ದೋಣಿಯ ಹಲಗೆಗಳು ಸಿಕ್ಕಿದವು, ಅವನು ಸಿಕ್ಕಲಿಲ್ಲ. ಅಂದಿನಿಂದ ವಾಸು ಕಡಲಿಗೆ ಇಳಿದಿರಲಿಲ್ಲ, ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ. ಇಷ್ಟು ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಆಟಿ ತಿಂಗಳು, ಅಂದರೆ ತುಳುವರ ಆಷಾಢ, ಅರ್ಧ ಕಳೆದಿತ್ತು. ಒಂದು ದಿನ ವಾಸು ಟ್ರ್ಯಾಕ್ಟರನ್ನು ವರ್ಕ್‌ಶಾಪಿನ ಒಳಗೆ ತಂದು ನಿಲ್ಲಿಸಿ ಇಳಿಯದೆ ಅಲ್ಲೇ ಕುಳಿತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಶಶಿಯಕ್ಕ, ಇದನ್ನು ಮುಂದೆ ಕಟ್ಟಿಕೊಡ್ಲಿಕ್ಕೆ ಆಗ್ತದಾ?"

"ಕುತ್ತಿಗೆ ಹಿಡೀತಾ?" ಎಂದು ಕೇಳಿದೆ.

ಅವನು ಸ್ವಲ್ಪ ತಡೆದು "ಹೌದು" ಎಂದ. ನಾನು ನಂಬಿದೆ. ನಂಬದಿರಲು ಕಾರಣವೂ ಇರಲಿಲ್ಲ. ದಿನವಿಡೀ ಹಿಂದೆ ತಿರುಗಿ ಕುಳಿತರೆ ಯಾರ ಕುತ್ತಿಗೆ ತಾನೆ ಉಳಿಯುತ್ತದೆ? ಸದಾನಂದಣ್ಣನಿಗೂ ಫೋನ್ ಮಾಡಿ ಒಪ್ಪಿಸಿದೆ. ಈ ನಡುವೆ ರಸ್ತೆಯ ಕೊನೆಯ ಭಾಗದಲ್ಲಿ ವಾಸು ಕೆಲವು ದಿನಗಳಿಂದ ಮರಳನ್ನೇ ತೆಗೆದಿಲ್ಲ, ಜನ ಗಲಾಟೆ ಮಾಡುತ್ತಿದ್ದಾರೆ ಎಂದು ಅವರು ಗೊಣಗಿದರು. ಅದನ್ನೂ ನಾನು ಕುತ್ತಿಗೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಬೆನ್ನಿನ ಯಂತ್ರವನ್ನು ಮುಂದೆ ಕಟ್ಟುವುದು ಬಾಯಿಯಲ್ಲಿ ಹೇಳಿದಷ್ಟು ಸುಲಭವಲ್ಲ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಪಿ.ಟಿ.ಒ. ಎಂಬ ಒಂದು ಶಾಫ್ಟ್ ಹೊರಗೆ ಚಾಚಿರುತ್ತದೆ, ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಬ್ಲೋವರಿಗೆ ಶಕ್ತಿ ಬರುವುದು ಅಲ್ಲಿಂದಲೇ. ನಮ್ಮ ಟ್ರ್ಯಾಕ್ಟರಿಗೆ ಮುಂದೆ ಪಿ.ಟಿ.ಒ. ಇರಲಿಲ್ಲ. ಆದ್ದರಿಂದ ಹಿಂದಿನ ಶಕ್ತಿಯನ್ನು ಕೆಳಕ್ಕೆ ಇಳಿಸಿ, ಹೊಟ್ಟೆಯಡಿಯಲ್ಲಿ ಒಂದು ಉದ್ದ ಶಾಫ್ಟ್ ಹಾಯಿಸಿ ಮುಂದಕ್ಕೆ ಒಯ್ಯಬೇಕು. ಇಲ್ಲೊಂದು ಹೊಂಡ ಇದೆ, ಎಷ್ಟೋ ಮಂದಿ ಅದರಲ್ಲಿ ಬೀಳುತ್ತಾರೆ. ಯಂತ್ರವನ್ನು ಹಿಂದಿನಿಂದ ಮುಂದಕ್ಕೆ ತಂದಾಗ ಅದರ ಮುಖ ತಿರುಗುತ್ತದೆ, ಶಾಫ್ಟ್ ತಿರುಗುವ ದಿಕ್ಕು ಮಾತ್ರ ಮೊದಲಿನದ್ದೇ ಆಗಿರುತ್ತದೆ. ಹಾಗೇ ಜೋಡಿಸಿದರೆ ಆಗರ್ ಉಲ್ಟಾ ತಿರುಗಿ ಮರಳನ್ನು ಒಳಗೆ ಎಳೆಯುವ ಬದಲು ಹೊರಗೆ ತಳ್ಳುತ್ತದೆ. ಚೈನ್ ಹಾಕಿದರೆ ದಿಕ್ಕು ಬದಲಾಗುವುದಿಲ್ಲ. ಒಂದಕ್ಕೊಂದು ಕಚ್ಚುವ ಎರಡು ಗೇರ್ ಹಾಕಿದರೆ ಬದಲಾಗುತ್ತದೆ. ಉಡುಪಿಯಲ್ಲಿ ಪರಿಚಯದ ಲೇತ್‌ನವರ ಹತ್ತಿರ ಗೇರ್ ಕಡಿಸಿ, ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಪಿ.ಟಿ.ಒ.ಗೆ ಜೋಡಿಸಿದೆ. ತಿರುಗುವ ಶಾಫ್ಟಿಗೆ ಯಾರ ಬಟ್ಟೆಯೂ ಸಿಕ್ಕದಂತೆ ಉದ್ದಕ್ಕೂ ಪೈಪಿನ ಹೊದಿಕೆ ಹಾಕಿದೆ. ಮುಂದೆ ಎತ್ತಿ ಇಳಿಸಲು ಹೈಡ್ರಾಲಿಕ್ ಸಿಲಿಂಡರ್.

ಮುಂದೆ ಅಷ್ಟು ಭಾರ ಕಟ್ಟಿದ ಮೇಲೆ ಹಿಂದಿನ ಚಕ್ರಗಳು ಹಗುರಾಗುತ್ತವೆ, ಮರಳಿನಲ್ಲಿ ಸುಮ್ಮನೆ ಸುತ್ತುತ್ತವೆ. ಅದಕ್ಕೆ ಎದುರುತೂಕ ಬೇಕು. ಒಂದು ಕಬ್ಬಿಣದ ಪೆಟ್ಟಿಗೆಗೆ ಕಾಂಕ್ರೀಟ್ ತುಂಬಿ ಹಿಂದೆ ಎತ್ತರಕ್ಕೆ ತೂಗುಹಾಕಿದೆ. ಆ ಪೆಟ್ಟಿಗೆ ಡ್ರೈವರನಿಗೆ ಹಿಂಬದಿಯ ನೆಲವನ್ನು ಮರೆ ಮಾಡುತ್ತಿತ್ತು. ಆದ್ದರಿಂದ ಎರಡೂ ಬದಿಗೆ ದೊಡ್ಡ ಕನ್ನಡಿ ಹಾಕಲು ಬ್ರಾಕೆಟ್ ವೆಲ್ಡ್ ಮಾಡಿದೆ. ಕನ್ನಡಿ ಜೋಡಿಸಿ ಊಟಕ್ಕೆ ಹೋಗಿ ಬಂದು ನೋಡುತ್ತೇನೆ, ಎರಡೂ ಕನ್ನಡಿ ಬೆಂಚಿನ ಮೇಲೆ ಮುಖ ಅಡಿಯಾಗಿ ಮಲಗಿವೆ. ವಾಸು ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದಾನೆ.

ನನ್ನ ಮಂಡೆ ಬಿಸಿಯಾಯಿತು. "ಎಂತ ಇದು? ನಾನು ಕಟ್ಟಿದ್ದನ್ನು ಬಿಚ್ಚಲಿಕ್ಕೆ ನಿನಗೆ ಹೇಳಿದವರು ಯಾರು?"

"ಕನ್ನಡಿ ಬೇಡ ಅಕ್ಕ. ದಾರಿ ನನಗೆ ಬಾಯಿಪಾಠ ಉಂಟು, ನೋಡದೆಯೇ ಹಿಂದೆ ಬರ್ತೇನೆ."

"ಅಲ್ಲಿ ಕೊನೆಯಲ್ಲಿ ತಿರುಗಿಸಲಿಕ್ಕೆ ಜಾಗ ಉಂಟಾ?"

"ಇಲ್ಲ. ಕಡಲಿಗೆ ಹಾಕುವ ಕಲ್ಲು ರಾಶಿ ಹಾಕಿದ್ದಾರೆ."

"ಹಾಗಾದ್ರೆ ಇಡೀ ದಾರಿ ರಿವರ್ಸ್ ಬರಬೇಕು. ಹಿಂದೆ ಮಕ್ಕಳಿರ್ತಾರೆ, ಮುದುಕರಿರ್ತಾರೆ. ಕನ್ನಡಿ ಇಲ್ಲದೆ ಈ ಗಾಡಿ ನನ್ನ ಗೇಟು ದಾಟುವುದಿಲ್ಲ."

"ಕನ್ನಡಿ ಹಾಕಿದ್ರೆ ನಾನು ಹತ್ತುವುದಿಲ್ಲ," ಎಂದ ವಾಸು. ಬೈದರೆ ಬಾಯಿ ಮುಚ್ಚುವ ಮನುಷ್ಯ ಅವನು. ಅವತ್ತು ಮುಚ್ಚಲಿಲ್ಲ. ಆಮೇಲೆ ಬೆಂಚಿನ ಮೇಲೆ ಕುಳಿತು ಎಲ್ಲ ಹೇಳಿದ.

ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ಇದೆ. ತೀರಿಹೋದವರನ್ನು ಕುಲೆ ಎನ್ನುತ್ತೇವೆ. ಅವರಿಗೆ ಇಷ್ಟವಾದದ್ದನ್ನು ಅಡುಗೆ ಮಾಡಿ ಎಲೆಯಲ್ಲಿ ಇಡುತ್ತೇವೆ. ನಮ್ಮ ಮನೆಯಲ್ಲಿ ಒಳಗೆ ಬಡಿಸಿ ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕಾಯುವುದು. ದಿನೇಶನ ಹೆಣ ಸಿಗದ ಕಾರಣ ವಾಸುವಿನ ಮನೆಯ ಹಿರಿಯರು ಬೇರೆ ಹೇಳಿದರಂತೆ. ಅವನ ದೋಣಿಯ ಹಲಗೆ ಬಂದು ಬಿದ್ದ ಜಾಗದಲ್ಲೇ ಬಡಿಸಬೇಕು. ಅಣ್ಣನೇ ಬಡಿಸಬೇಕು. ಬಡಿಸಿ ಬೆನ್ನು ಹಾಕಿದವನು ಮುಂದಿನ ಆಟಿ ಬರುವ ತನಕ ಆ ಜಾಗವನ್ನು ಹಿಂದೆ ತಿರುಗಿ ನೋಡಬಾರದು. ನೋಡಿದರೆ ಕರೆದ ಹಾಗೆ ಆಗುತ್ತದೆ, ಕರೆದರೆ ಅವನು ಬೆನ್ನ ಹಿಂದೆ ಬರುತ್ತಾನೆ.

ಜಾಗ ಇದ್ದದ್ದು ಆ ರಸ್ತೆಯ ಬದಿಯಲ್ಲೇ, ಕೊನೆಯ ತಿರುವಿನ ಹತ್ತಿರ. ವಾಸು ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಸಾರು, ಒಂದು ಕಟ್ಟು ಬೀಡಿ ಇಟ್ಟು ತಿರುಗಿ ನೋಡದೆ ಮನೆಗೆ ನಡೆದ. ಮರುದಿನ ಬೆಳಿಗ್ಗೆ ಕಡಲು ಉಕ್ಕಿ ರಸ್ತೆ ಮುಚ್ಚಿತು. ಕೆಲಸಕ್ಕೆ ಬಂದ. ರಿವರ್ಸ್ ಹಾಕಿದ. ಯಂತ್ರ ಇದ್ದದ್ದೇ ಬೆನ್ನಿಗೆ, ನೋಡದೆ ಓಡಿಸುವುದು ಹೇಗೆ?

"ನೋಡಿದೆ ಅಕ್ಕ. ಮರಳು ಹಾರುವಾಗ ಅದರ ಒಳಗೆ ನಿಂತಿದ್ದ. ಸೊಂಟದ ತನಕ ನೀರಲ್ಲಿ ಇದ್ದವನ ಹಾಗೆ ನಿಂತಿದ್ದ. ನಾನು ಹೆದರಿ ಮನೆಗೆ ಓಡಿ ಅಮ್ಮನತ್ರ ಹೇಳಿಬಿಟ್ಟೆ. ಹೇಳಬಾರದಿತ್ತು."

"ಯಾಕೆ?"

"ಅಮ್ಮನಿಗೆ ವಾರಕ್ಕೆ ಎರಡು ಸಲ ಮಣಿಪಾಲದಲ್ಲಿ ಡಯಾಲಿಸಿಸ್ ಉಂಟು. ಈಗ ಹೋಗುವುದಿಲ್ಲ ಅಂತ ಕೂತಿದ್ದಾರೆ. ಅವ ಬರುವಾಗ ಮನೆಯಲ್ಲಿ ಯಾರೂ ಇಲ್ಲದಿದ್ರೆ ಹೇಗೆ ಅಂತ ಕೇಳ್ತಾರೆ. ಎರಡು ಸಲ ತಪ್ಪಿತು. ಕಾಲು ಬಾತಿದೆ, ಮಲಗಿದ್ರೆ ಉಸಿರು ಕಟ್ಟುತ್ತದೆ. ಡಾಕ್ಟರು ಇನ್ನೊಂದು ಸಲ ತಪ್ಪಿದ್ರೆ ನಮ್ಮ ಕೈಯಲ್ಲಿಲ್ಲ ಅಂದಿದ್ದಾರೆ. ನಾನು ನೋಡದಿದ್ರೆ ಅವ ಬರುವುದಿಲ್ಲ. ಅವ ಬರುವುದಿಲ್ಲ ಅಂತ ಅಮ್ಮನಿಗೆ ಗೊತ್ತಾದ್ರೆ ಮಣಿಪಾಲಕ್ಕೆ ಹೋದಾರು."

ಕಾರ್ಕಳದವಳು ನಾನು, ಕಡಲಿನವರ ಕ್ರಮ ನನಗೆ ಅಷ್ಟು ತಿಳಿಯದು. ಕುಲೆ, ಗಿಲೆ ಎಂದು ಬಾಯಿಗೆ ಬಂದದ್ದನ್ನು ಹೇಳಿ ಅವನನ್ನು ನಗಿಸಬಹುದಿತ್ತು. ನಗಿಸುವ ಮನಸ್ಸಾಗಲಿಲ್ಲ. ಗೇರು ಪೆಟ್ಟಿಗೆ, ಎದುರುತೂಕ, ಶಾಫ್ಟಿನ ಹೊದಿಕೆ ಎಂದು ನಾನು ಒದ್ದಾಡಿದ್ದೆಲ್ಲ ಒಬ್ಬ ಮನುಷ್ಯನ ಮುಖವನ್ನು ಒಂದು ಜಾಗದಿಂದ ತಿರುಗಿಸಲಿಕ್ಕೆ ಎಂದು ಆಗ ಗೊತ್ತಾಯಿತು. ಆದರೆ ಹಿಂದೆ ನೋಡದೆ ಟ್ರ್ಯಾಕ್ಟರ್ ಹಿಂದಕ್ಕೆ ಬರುವುದಕ್ಕೆ ನಾನು ಒಪ್ಪುವಂತಿರಲಿಲ್ಲ.

"ಸರಿ ಮಾರಾಯ," ಎಂದೆ. "ನಾಳೆ ಟ್ರಯಲಿಗೆ ನಾನು ಮಡ್‌ಗಾರ್ಡಿನ ಮೇಲೆ ಕೂತು ಬರ್ತೇನೆ. ಮುಂದೆ ನೀನು ನೋಡು. ಹಿಂದೆ ನಾನು ನೋಡ್ತೇನೆ. ನಾನು ಯಾರಿಗೂ ಅಲ್ಲಿ ಬಡಿಸಿಲ್ಲ."

ಮಡ್‌ಗಾರ್ಡಿನ ಮೇಲೆ ಜನರನ್ನು ಕೂರಿಸಬಾರದು ಎಂದು ನಾನೇ ಎಲ್ಲರಿಗೂ ಬೈಯುತ್ತಿದ್ದವಳು. ಅವತ್ತು ಬೇರೆ ದಾರಿ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಇರಲಿಲ್ಲ, ಪಶ್ಚಿಮದ ಗಾಳಿ ಜೋರಾಗಿತ್ತು. ರಸ್ತೆ ಶುರುವಾಗುವಲ್ಲಿ ವಾಸು ಹೇಳಿಟ್ಟಿದ್ದ ಒಂದು ಆಟೋ ಬಂದು ನಿಂತಿತ್ತು. ಮರಳು ತೆಗೆದ ಮೇಲೆ ತಾಯಿಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಲು ಅದನ್ನು ಕರೆಸಿದ್ದ. ತಾಯಿ ಬರುತ್ತಾರೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಯಂತ್ರ ಚೆನ್ನಾಗಿ ಓಡಿತು. ಆಗರ್ ಸರಿಯಾದ ದಿಕ್ಕಿನಲ್ಲೇ ತಿರುಗಿತು, ಮರಳು ಹೊಗೆಯ ಹಾಗೆ ಎದ್ದು ಕಡಲ ಬದಿಗೆ ಬಿತ್ತು, ಗಾಳಿ ಅದರಲ್ಲಿ ಸ್ವಲ್ಪವನ್ನು ವಾಪಸು ತಂದು ನಮ್ಮ ತಲೆಯ ಮೇಲೆ ಹಾಕಿತು. ವಾಸು ಎದುರಿನ ರಸ್ತೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಆ ಜಾಗ ಬಂದಾಗ ನನಗೆ ಹೇಳುವುದೇ ಬೇಕಾಗಲಿಲ್ಲ. ಅವನ ಹೆಗಲು ಎರಡೂ ಕಿವಿಯ ತನಕ ಏರಿದವು. ದಾಟಿದ ಮೇಲೆ ನಿಧಾನಕ್ಕೆ ಇಳಿದವು. ನಾನು ಹಿಂದೆ ನೋಡಿದೆ. ತೆಗೆದ ರಸ್ತೆ ಕಪ್ಪಗೆ ಖಾಲಿಯಾಗಿ ಕಂಡಿತು.

ಕೊನೆಯ ಮನೆಯ ಜಗಲಿಯಲ್ಲಿ ಅವನ ತಾಯಿ ಗಿರಿಜಕ್ಕ ಕುಳಿತಿದ್ದರು. ಮುಖ ಊದಿಕೊಂಡಿತ್ತು, ಪಾದಗಳು ಬಾತಿದ್ದವು. ಒಳಗಿನಿಂದ ಮೀನು ಸಾರಿನ ವಾಸನೆ ಬರುತ್ತಿತ್ತು. ಉಸಿರಾಡಲು ಕಷ್ಟಪಡುವ ಹೆಂಗಸು ದಿನಾ ಇಬ್ಬರು ಗಂಡುಮಕ್ಕಳಿಗೆ ಅಡುಗೆ ಮಾಡುತ್ತಿದ್ದರೆಂದು ವಾಸು ನನಗೆ ಹೇಳಿರಲಿಲ್ಲ. ಟ್ರ್ಯಾಕ್ಟರ್ ನಿಂತಾಗ ಅವರು ಮಗನನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ, ನಮ್ಮ ಹಿಂದಿನ ರಸ್ತೆಯನ್ನು ನೋಡಿದರು.

"ಬಂದನಾ?"

"ಇಲ್ಲ ಅಮ್ಮ. ಯಂತ್ರ ಮುಂದೆ ಕಟ್ಟಿದ್ದೇವೆ. ನಾನು ನೋಡ್ಲೇ ಇಲ್ಲ. ಇನ್ನು ನೋಡುವುದೂ ಇಲ್ಲ. ಆಟೋ ಬಂದಿದೆ, ಸೀರೆ ಉಟ್ಟುಕೊಳ್ಳಿ."

ಗಿರಿಜಕ್ಕ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಒಪ್ಪಿದರು ಎಂದು ನಾವಿಬ್ಬರೂ ಎಣಿಸಿದೆವು.

ಆಗಲೇ ಶಿಯರ್ ಬೋಲ್ಟ್ ತುಂಡಾಗಿರುವುದು ನನ್ನ ಕಣ್ಣಿಗೆ ಬಿತ್ತು. ಆಗರಿಗೆ ಕಲ್ಲು ಸಿಕ್ಕಿದರೆ ಗೇರು ಮುರಿಯಬಾರದೆಂದು ತಾನೇ ಮೊದಲು ಮುರಿಯುವ ಸಣ್ಣ ಬೋಲ್ಟ್ ಅದು. ಇಂಜಿನ್ ನಿಲ್ಲಿಸಿ, ಕಲ್ಲು ತೆಗೆದು, ಬೇರೆ ಬೋಲ್ಟ್ ಹಾಕುವಾಗ ಸುಮಾರು ಹೊತ್ತಾಯಿತು. ವಾಸು ಕೆಳಗೆ ಬಗ್ಗಿ ನನಗೆ ಸ್ಪ್ಯಾನರ್ ಕೊಡುತ್ತಿದ್ದ. ಅಮ್ಮ ಸೀರೆ ಉಡುತ್ತಿದ್ದಾರೆ, ನಾವು ಟ್ರ್ಯಾಕ್ಟರ್ ಹಿಂದೆ ತೆಗೆದರೆ ಆಟೋ ಬಾಗಿಲ ತನಕ ಬರಬಹುದು ಎಂದ. ಅವನ ಮುಖಕ್ಕೆ ಸ್ವಲ್ಪ ಗೆಲುವು ಬಂದಿತ್ತು. ಮನೆಯ ಹಿಂಬದಿಯಿಂದ ಹೊಳೆಬದಿಯ ಕಾಲುದಾರಿ ಒಂದು ಹೋಗುತ್ತದೆ. ಆ ದಾರಿಯಲ್ಲಿ ಯಾರು ಹೋದರು ಎಂದು ನಾವು ನೋಡಲಿಲ್ಲ.

ರಿವರ್ಸ್ ಹೊರಟೆವು. ವಾಸು ಸ್ಟೀಯರಿಂಗ್ ಹಿಡಿದು ಎದುರಿಗೆ, ತನ್ನ ಮನೆಯನ್ನೇ ನೋಡುತ್ತ ಕುಳಿತ. ನಾನು ಮಡ್‌ಗಾರ್ಡಿನ ಮೇಲೆ ಹಿಂದಕ್ಕೆ ಮುಖ ಮಾಡಿ ಕುಳಿತು "ಬಲಕ್ಕೆ, ಸ್ವಲ್ಪ ಎಡಕ್ಕೆ, ಬಾ, ಬಾ" ಎಂದು ಹೇಳುತ್ತಿದ್ದೆ. ಬದಿಗೆ ಎಸೆದಿದ್ದ ಮರಳನ್ನು ಗಾಳಿ ಎತ್ತಿ ರಸ್ತೆಗೆ ಅಡ್ಡ ಹಾರಿಸುತ್ತಿತ್ತು. ಕಣ್ಣು ಸಣ್ಣ ಮಾಡಿ ನೋಡಬೇಕಾಗಿತ್ತು. ಕೊನೆಯ ತಿರುವು ಕಳೆದ ಕೂಡಲೇ ಆ ಮರಳಿನ ಒಳಗೆ, ರಸ್ತೆಯ ನಡುವೆ, ಜನ ನಿಂತದ್ದು ಕಂಡಿತು. ಕಾಂಕ್ರೀಟ್ ಪೆಟ್ಟಿಗೆಗೂ ಅವರಿಗೂ ನಡುವೆ ಜಾಗವೇ ಇರಲಿಲ್ಲ.

"ನಿಲ್ಲಿಸು ವಾಸು, ಇಬ್ಬರಿದ್ದಾರೆ," ಎಂದು ಕೂಗಿದೆ.

ಬ್ರೇಕ್ ಬಿತ್ತು. ನಾನು ಬೀಳುವುದರಲ್ಲಿದ್ದೆ, ಕಂಬಿ ಹಿಡಿದು ಉಳಿದೆ. ಇಂಜಿನ್ ಬಂದ್ ಆಯಿತು. ವಾಸು ಹಿಂದೆ ತಿರುಗಲಿಲ್ಲ. ಸ್ಟೀಯರಿಂಗ್ ಮೇಲೆ ಹಣೆ ಇಟ್ಟು, "ಯಾರು ಅಕ್ಕ?" ಎಂದು ಕೇಳಿದ. ಆ ಸ್ವರವನ್ನು ನಾನು ಬರೆದು ತೋರಿಸಲಾರೆ.

"ನಿನ್ನ ಅಮ್ಮ," ಎಂದೆ.

ಅದನ್ನು ಕೇಳಿದ ಮೇಲೆ ಅವನಿಗೆ ಯಾವ ಕಟ್ಟಳೆಯೂ ನೆನಪಾಗಲಿಲ್ಲ. ತಿರುಗಿದ, ನೋಡಿದ, ಹಾರಿ ಇಳಿದು ಓಡಿದ. ಗಿರಿಜಕ್ಕ ಪೆಟ್ಟಿಗೆಯ ಎದುರು, ಕೈ ಚಾಚಿದರೆ ತಾಗುವಷ್ಟು ಹತ್ತಿರ ನಿಂತಿದ್ದರು. ಒಳ್ಳೆಯ ಸೀರೆ ಉಟ್ಟಿದ್ದರು. ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಅನ್ನ. ನೀನು ನೋಡದಿದ್ದರೆ ನಾನೇ ನೋಡುತ್ತೇನೆ ಎಂದು ಬಾತ ಕಾಲಿನಲ್ಲಿ ಹೊಳೆಬದಿಯಿಂದ ಸುತ್ತಿ ಬಂದಿದ್ದರು. ಅವರ ಜೊತೆ ಬೇರೆ ಯಾರೂ ಇರಲಿಲ್ಲ.

"ಅಮ್ಮ, ಸಾಯ್ತಿದ್ರಿ ನೀವು. ನಾನೇ ಕೊಲ್ತಿದ್ದೆ," ಎಂದು ವಾಸು ಅವರ ಎರಡೂ ಭುಜ ಹಿಡಿದು ಅತ್ತ. ಐವತ್ತರ ಹತ್ತಿರದ ಗಂಡಸು ರಸ್ತೆಯ ನಡುವೆ ಹಾಗೆ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಗಿರಿಜಕ್ಕ ಅವನ ಬೆನ್ನು ತಟ್ಟುತ್ತ ನನ್ನ ಕಡೆ ನೋಡಿದರು. "ಇಬ್ಬರು ಅಂದ್ರಲ್ಲ ನೀವು?"

ನಾನು ಮಡ್‌ಗಾರ್ಡಿನಿಂದ ಕೆಳಗೆ ಇಳಿದೆ. "ಮರಳು ಹಾರ್ತ ಇತ್ತು ಗಿರಿಜಕ್ಕ, ಸರಿಯಾಗಿ ಕಾಣಲಿಲ್ಲ."

"ಯಾವ ಬದಿಗೆ ಇದ್ದ?"

ಸುಳ್ಳು ಹೇಳಬೇಕೆಂದೇ ಇದ್ದೆ. "ಕಡಲ ಬದಿಗೆ" ಎಂಬ ಮಾತು ತಾನೇ ಹೊರಬಿತ್ತು. ಯಾಕೆಂದರೆ ನಾನು ಕಂಡದ್ದು ಹಾಗೇ. ಒಬ್ಬರು ಕುಳ್ಳಗೆ, ಕೈಯಲ್ಲಿ ಏನೋ ಹಿಡಿದುಕೊಂಡು. ಕಡಲ ಬದಿಗೆ ಇನ್ನೊಬ್ಬರು, ಉದ್ದಕ್ಕೆ, ಅವರ ಮೊಣಕೈ ಹಿಡಿದುಕೊಂಡ ಹಾಗೆ. ಯಾವ ಗಾಳಿ ಮರಳನ್ನು ಹಾಗೆ ನಿಲ್ಲಿಸುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕೆಂದೂ ಇಲ್ಲ.

ಗಿರಿಜಕ್ಕ ತಲೆಯಾಡಿಸಿದರು. "ಹೌದು. ಸಣ್ಣದಿರುವಾಗಲೂ ಹಾಗೆ. ನನ್ನನ್ನು ಕಡಲ ಬದಿಗೆ ನಡೀಲಿಕ್ಕೆ ಬಿಡ್ತಿರಲಿಲ್ಲ." ಆಮೇಲೆ ಎಲೆಯ ಕಟ್ಟನ್ನು ರಸ್ತೆಯ ಬದಿಗೆ ಇಟ್ಟು, ಸೆರಗಿನಿಂದ ವಾಸುವಿನ ಮುಖ ಒರೆಸಿದರು. "ಕೇಳಿದ್ಯಾ? ಅವ ನಿನ್ನ ಬೆನ್ನ ಹಿಂದೆ ಬಂದದ್ದಲ್ಲ, ನನ್ನ ಹತ್ರ ಬಂದದ್ದು. ಇನ್ನು ನೀನು ಹಿಂದೆ ಮುಂದೆ ಎಲ್ಲಿ ಬೇಕಾದ್ರೂ ನೋಡು. ನಿನ್ನ ಹಿಂದೆ ಯಾರೂ ಇಲ್ಲ."

"ಮತ್ತೆ ಮಣಿಪಾಲ?" ಎಂದು ಅವನು ಕೇಳಿದ.

"ಹೋಗುವ. ಇನ್ನು ಮನೆಯಲ್ಲಿ ಯಾರನ್ನು ಕಾಯಲಿಕ್ಕೆ?"

ಅಲ್ಲಿಂದ ಆಟೋ ನಿಂತ ಜಾಗಕ್ಕೆ ರಸ್ತೆ ಪೂರ್ತಿ ತೆರೆದಿತ್ತು. ವಾಸು ಕೈಬೀಸಿ ಕರೆದ, ಆಟೋ ಟ್ರ್ಯಾಕ್ಟರಿನ ಹತ್ತಿರದ ತನಕ ಬಂತು. ಗಿರಿಜಕ್ಕ ಹತ್ತಿ ಕುಳಿತರು. ವಾಸು ಪಕ್ಕದಲ್ಲಿ ಕೂರಲು ಹೋದಾಗ ಅವರು ಆ ಜಾಗದ ಮೇಲೆ ಅಂಗೈ ಇಟ್ಟರು. "ನೀನು ಮುಂದೆ ಡ್ರೈವರನ ಹತ್ರ ಕೂತ್ಕೋ ಮಗ," ಎಂದರು. ಡ್ರೈವರ್ ಸ್ವಲ್ಪ ಸರಿದು ಜಾಗ ಕೊಟ್ಟ.

ಆ ವಾರ ವಾಸು ವರ್ಕ್‌ಶಾಪಿಗೆ ಬಂದು ಎರಡೂ ಕನ್ನಡಿ ತಾನೇ ಜೋಡಿಸಿಕೊಂಡು ಹೋದ. ಗಿರಿಜಕ್ಕ ಮತ್ತೆ ಡಯಾಲಿಸಿಸ್ ತಪ್ಪಿಸಲಿಲ್ಲ. ಮುಂದಿನ ಆಟಿಯನ್ನೂ ಕಂಡರು, ಅದರ ಮುಂದಿನ ಬೇಸಿಗೆಯಲ್ಲಿ ತೀರಿಹೋದರು. ಕಾಂಕ್ರೀಟ್ ಪೆಟ್ಟಿಗೆಗೆ ಹೋಗಬೇಕಾಗಿದ್ದ ಜೀವ ಹಾಸಿಗೆಯಲ್ಲಿ ಹೋಯಿತು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಹಿಮದ ಯಂತ್ರವನ್ನು ಉಪ್ಪು ಎರಡೇ ಮಳೆಗಾಲದಲ್ಲಿ ತಿಂದು ಮುಗಿಸಿತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಗಿರಾಕಿ ಬಂದು ಯಂತ್ರದ ಈ ಬದಿಯದ್ದನ್ನು ಆ ಬದಿಗೆ ಮಾಡಿಕೊಡಿ ಎಂದರೆ ಸ್ಪ್ಯಾನರ್ ಹಿಡಿಯುವ ಮೊದಲು ಯಾಕೆ ಎಂದು ಕೇಳಬೇಕು. ಕೇಳಿದ ಮೇಲೆ ಅವನು ತಡೆದು "ಹೌದು" ಎಂದರೆ ಅಲ್ಲಿಗೆ ಬಿಡದೆ ಕುರ್ಚಿ ಕೊಟ್ಟು ಇನ್ನೊಮ್ಮೆ ಕೇಳಬೇಕು. ನನ್ನ ಕೈಕೆಳಗೆ ಕಲಿತವರಿಗೆಲ್ಲ ಗೇರಿನ ದಿಕ್ಕಿಗಿಂತ ಮೊದಲು ಇದನ್ನೇ ಹೇಳಿಕೊಟ್ಟೆ.

ಅವತ್ತು ಆಟೋ ಹೋದ ಮೇಲೆ ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ಬರುವ ಹಾಗಿರಲಿಲ್ಲ, ರಸ್ತೆಗೆ ಅಡ್ಡವಾಗಿತ್ತು. ನಾನೊಬ್ಬಳೇ ಸೀಟಿಗೆ ಹತ್ತಿದೆ. ಕನ್ನಡಿ ಇರಲಿಲ್ಲ. ಅರ್ಧ ತಿರುಗಿ, ಕುತ್ತಿಗೆ ತಿರುಚಿ, ಹಿಂದೆಯೇ ನೋಡಿದೆ. ಮರಳು ಹಾರುತ್ತಿತ್ತು, ಯಾರೂ ಇರಲಿಲ್ಲ. ಆದರೂ ಹಾರ್ನ್ ಹೊಡೆದೆ, ಒಬ್ಬರು ಬದಿಗೆ ಸರಿಯಲು ಬೇಕಾಗುವಷ್ಟು ಹೊತ್ತು ಕಾದೆ, ಆಮೇಲೆ ರಿವರ್ಸ್ ಹಾಕಿದೆ.